ಹಗುರಾದ ಗಳಿಗೆ

"ಅಕ್ಕ, ಇದೇ ಕೊನೇ ರೀಲು. ಮೊದ್ಲು ದನಿ ಇಲ್ದೆ ಬಿಡ್ತೀನಿ, ನೋಡ್ಕೊಳ್ಳಿ," ಎಂದ ರೆಕಾರ್ಡಿಸ್ಟ್ ಗಾಜಿನ ಆಚೆಯಿಂದ.

ಅವಳು ಬಿಸಿನೀರಿನ ಲೋಟವನ್ನು ಮೈಕಿನ ಪಕ್ಕದ ಸ್ಟೂಲಿನ ಮೇಲಿಟ್ಟು ಪರದೆಯತ್ತ ತಿರುಗಿದಳು. ಡಬ್ಬಿಂಗಿನಲ್ಲಿ ಅವಳದೊಂದು ಪದ್ಧತಿ: ಮಾತಿನ ಹಾಳೆ ಮುಟ್ಟುವ ಮೊದಲು ಬರೀ ತುಟಿ ನೋಡುವುದು. ನಟಿಗೆ ಭಾಷೆ ಬರುತ್ತಿರಲಿಲ್ಲ. ಪಾಠ ಒಪ್ಪಿಸುವ ಮಗುವಿನ ಹಾಗೆ ಬಾಯಿ ಆಡಿಸಿ ಹೋಗಿದ್ದಳು. ಆ ಬಾಯಿಗೆ ಜೀವ ತುಂಬುವುದು ಇವಳ ಕೆಲಸ. ಚಿತ್ರ ಬರೆದು ನಿರ್ದೇಶಿಸಿದವನು ಇವಳ ಗಂಡ.

ಇನ್ನೂರು ವರ್ಷದ ಹಿಂದಿನ ಒಂದು ಸಾವಿನ ಕಥೆ. ಹಡಗುಗಳ ಒಡೆಯನೊಬ್ಬ ಹೆಂಡತಿ ಕೊಟ್ಟ ಮದ್ದು ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. ವಿಚಾರಣೆಯಾಯಿತು, ಸಾಕ್ಷಿ ಸಿಗಲಿಲ್ಲ. ನ್ಯಾಯಾಲಯ ಅವಳನ್ನು ಬಿಟ್ಟಿತು, ಊರು ಬಿಡಲಿಲ್ಲ. "ಕೊಂದಳೋ ಇಲ್ವೋ, ಅದನ್ನ ನಾನು ಹೇಳೋದೇ ಇಲ್ಲ ಕಣೇ. ನೋಡಿದೋರು ಮನೆಗೆ ಹೋಗಿ ಜಗಳ ಆಡ್ಲಿ," ಎಂದು ಗಂಡ ಮೊದಲಿಂದಲೂ ಹೇಳುತ್ತ ಬಂದಿದ್ದ. ಕೊನೆಯ ದೃಶ್ಯವನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಮಗಳಂತೂ 'ನಮ್ಮಮ್ಮನ ದನಿ' ಎಂದು ತರಗತಿಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ಮೊದಲ ಆಟಕ್ಕೇ ಗೆಳತಿಯರನ್ನೆಲ್ಲ ಕರೆದೊಯ್ಯಬೇಕೆಂದು ಹಟ.

ಪರದೆಯ ಮೇಲೆ ಹೆಣದ ಪಕ್ಕ ಹೆಂಡತಿ ಕೂತಿದ್ದಳು. ಕೈಯಲ್ಲಿ ಬರಿದಾದ ಬಟ್ಟಲು. ಕ್ಯಾಮೆರಾ ಮುಖಕ್ಕೆ ಬಂತು. ತುಟಿಗಳು ಆಡಿದವು, ನಿಂತವು. ಗಂಟಲು ಒಮ್ಮೆ ಏನನ್ನೋ ನುಂಗಿತು. ಆಮೇಲೆ ಒಂದೇ ಒಂದು ಪದ.

ಇವಳಿಗೆ ಹಾಳೆ ಬೇಕಾಗಲಿಲ್ಲ.

'ನಿಮ್ಮ ಉಸಿರು ನಿಂತೇಹೋಯ್ತು ಅನ್ನಿಸ್ತು. ಆಗ ಒಂದು ಗಳಿಗೆ ನನಗೆ... ಹಗುರಾಯ್ತು.'

ಮಗಳಿನ್ನೂ ಕಂಕುಳಲ್ಲಿದ್ದ ಕಾಲದ ಮಾತು. ಗಂಡ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ. ಮನೆ, ಮಗು, ಸ್ಟುಡಿಯೋ, ವಾರ್ಡು ಎಂದು ಅವಳು ಬುಗುರಿಯಂತೆ ಸುತ್ತುತ್ತಿದ್ದಳು. ಅವನು ಗುಣವಾಗಿ ಮನೆಗೆ ಬಂದ ಮೇಲೆ, ಎದೆಯಲ್ಲಿ ಇಟ್ಟುಕೊಳ್ಳಲಾರದೆ, ಅವನ ಕಾಲ ಬಳಿ ಕೂತು ಅದೊಂದು ಮಾತನ್ನು ಹೇಳಿ ಅತ್ತಿದ್ದಳು. ತಾಯಿಗೂ ಹೇಳಿರಲಿಲ್ಲ. ಅವನು ತಲೆ ಸವರಿದ್ದ. "ಸುಸ್ತಾದೋರಿಗೆ ಯಾರಿಗಾದ್ರೂ ಹಾಗನ್ನಿಸುತ್ತೆ. ಬಿಡು, ನಾನಾಗ್ಲೇ ಮರೆತೆ," ಅಂದಿದ್ದ.

ಮರೆತಿರಲಿಲ್ಲ. ಅವಳು ಉಗುಳು ನುಂಗಿದ ಜಾಗವನ್ನೂ ನಟಿಗೆ ಕಲಿಸಿದ್ದ.

"ಅವರನ್ನ ಸ್ವಲ್ಪ ಕರೀರಿ," ಎಂದಳು.

ಗಂಡ ಒಳಗೆ ಬಂದ, ಎಂದಿನಂತೆ ಕಂಕುಳಲ್ಲಿ ಫ್ಲಾಸ್ಕು. ಹಿಂದೆಯೇ ಕೇಬಲ್ ಸರಿಮಾಡಲು ಬಂದ ರೆಕಾರ್ಡಿಸ್ಟ್ ನಕ್ಕ. "ಸಾರ್ ಹೆಂಡ್ತೀನಾದ್ರೂ ಮರೆತು ಬಂದಾರು, ಫ್ಲಾಸ್ಕ್ ಮಾತ್ರ ಮರೆಯಲ್ಲ ನೋಡಿ ಅಕ್ಕ."

"ನಿನ್ನ ಮೈಕಿಗಿಂತ ನಿನ್ನ ಬಾಯೇ ಜೋರಾಗಿದೆ ಕಣಪ್ಪ," ಎಂದು ಗಂಡ ಅವಳತ್ತ ತಿರುಗಿದ. "ಏನಾಯ್ತು? ತುಟಿ ಕೂರ್ತಿಲ್ವಾ?"

"ಚೆನ್ನಾಗೇ ಕೂರುತ್ತೆ. ನಂದೇ ತುಟಿ ಅಲ್ವಾ?"

ಅವನು ಹಾಳೆ ನೋಡಿದ, ಅವಳನ್ನು ನೋಡಲಿಲ್ಲ. "ಅಲ್ಲಿ ಒಂದು ನಿಜವಾದ ಮಾತು ಬೇಕಿತ್ತು ಕಣೇ. ಎಷ್ಟು ಬರೆದ್ರೂ ಸಪ್ಪೆ ಆಗ್ತಿತ್ತು. ಯಾರಿಗೆ ಗೊತ್ತಾಗುತ್ತೆ ಹೇಳು?"

"ನನಗೆ ಗೊತ್ತಾಗುತ್ತಲ್ರೀ. ನಾಳೆ ಮಗಳು ಗೆಳತಿಯರ ನಡುವೆ ಕೂತು, ನನ್ನ ದನೀಲೇ ಕೇಳಿಸ್ಕೊಳ್ತಾಳೆ."

"ಸಿನಿಮಾ ಇದು."

"ಸರಿ, ಸಿನಿಮಾನೇ. ಕೊಂದಳೋ ಇಲ್ವೋ ಹೇಳಲ್ಲ ಅಂದಿದ್ರಲ್ಲ?"

"ಹೇಳ್ತಿಲ್ಲ. ಆ ಮಾತೇ ಹೇಳಿಬಿಡುತ್ತೆ," ಅವನ ದನಿಗೆ ಕೆಲಸದ ಹುರುಪು ಬಂತು. "ಅದಕ್ಕೇ ಸ್ವಲ್ಪ ವಿಷ ಇರ್ಲಿ ದನೀಲಿ. ಗಂಡ ಸತ್ರೆ ಹಗುರ ಅಂದವಳು, ಕೈಯಲ್ಲಿ ಮದ್ದಿನ ಬಟ್ಟಲಿದ್ರೆ ಸುಮ್ನೆ ಇರ್ತಾಳಾ?"

ರೆಕಾರ್ಡಿಸ್ಟ್ ಕೇಬಲನ್ನು ಅಲ್ಲೇ ಬಿಟ್ಟು ಮೆಲ್ಲಗೆ ಹೊರಗೆ ಹೋದ. ದಪ್ಪ ಮೆತ್ತೆಯ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

"ನಾನು ಹೇಳಿದ್ದು ಸಿನಿಮಾದ ಅವಳ ಬಗ್ಗೆ," ಎಂದ ಅವನು. ಮತ್ತೇನೋ ಹೇಳಹೋಗಿ ಕೆಮ್ಮು ಬಂತು. ಹಳೆಯ ಕೆಮ್ಮು, ಹಿಡಿದರೆ ಕಣ್ಣಲ್ಲಿ ನೀರು ಬರಿಸುವಂಥದ್ದು. ಅವಳ ಕೈ ತಾನಾಗಿಯೇ ಸ್ಟೂಲಿನ ಮೇಲಿದ್ದ ಲೋಟ ಎತ್ತಿ ಕೊಟ್ಟಿತು.

ಅವನು ತೆಗೆದುಕೊಂಡ. ಬಾಯಿಯ ಹತ್ತಿರ ತಂದ. ಲೋಟದೊಳಗೆ ನೋಡಿದ. ಕೆಮ್ಮುತ್ತಲೇ ಅದನ್ನು ಸ್ಟೂಲಿನ ಮೇಲಿಟ್ಟು, ಫ್ಲಾಸ್ಕಿನ ಮುಚ್ಚಳ ತಿರುವತೊಡಗಿದ.

ಆಸ್ಪತ್ರೆಯಿಂದ ಬಂದ ಮೊದಮೊದಲು ಅವಳೇ ಮಾತ್ರೆ ಕೊಡುತ್ತಿದ್ದಳು, ಅವಳೇ ನೀರು ಕೊಡುತ್ತಿದ್ದಳು. ಈ ಫ್ಲಾಸ್ಕು ಬಂದದ್ದು ಅವಳು ಅತ್ತ ಆ ದಿನದ ನಂತರ. "ನಿನಗ್ಯಾಕೆ ತೊಂದ್ರೆ," ಎಂದು ತಾನೇ ನೀರು ಕಾಯಿಸಿ ತುಂಬಿಕೊಳ್ಳುತ್ತಿದ್ದ. ಮಾತ್ರೆಗಳೂ ಅವನ ಬೀರುವಿಗೆ ಹೋದವು. ಅವಳು ಅದನ್ನು ಅಕ್ಕನ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಿದ್ದಳು: "ನಮ್ಮನೆಯೋರು ಒಂದು ಲೋಟ ನೀರಿಗೂ ನನ್ನ ಕೂಗಲ್ಲ ಕಣೇ."

ಅವನು ಕುಡಿದು ಬಾಯಿ ಒರೆಸಿಕೊಂಡ. ಅವಳು ತನ್ನನ್ನೇ ನೋಡುತ್ತಿರುವುದನ್ನು ಕಂಡು, ಕೈಯಲ್ಲಿದ್ದ ಫ್ಲಾಸ್ಕನ್ನು ನೋಡಿದ. "ಬಿಸಿ... ನಿನ್ನದು ತುಂಬ ಬಿಸಿ ಇತ್ತು," ಎಂದ.

ಆ ನೀರು ಆಗಲೇ ಆರಿಹೋಗಿತ್ತು.

"ಹೊರಗೆ ಹೋಗಿ ಕೂತ್ಕೊಳ್ಳಿ," ಎಂದಳು. "ಟೇಕ್ ಮಾಡೋಣ."

ಗಾಜಿನ ಆಚೆ ಅವನು ರೆಕಾರ್ಡಿಸ್ಟಿನ ಪಕ್ಕ ಕೂತ. ಕೆಂಪು ದೀಪ ಹತ್ತಿತು. ಪರದೆಯ ಹೆಂಗಸು ಬರಿದಾದ ಬಟ್ಟಲು ಹಿಡಿದು ಮುಖವೆತ್ತಿದಳು. ಇವಳು ಮೈಕಿಗೆ ಇನ್ನಷ್ಟು ಹತ್ತಿರ ಸರಿದು, ಗಾಜಿನಾಚೆಗಿನ ಗಂಡನ ಕಣ್ಣುಗಳಿಂದ ನೋಟ ಕದಲಿಸದೆ, ಅವನು ಕುಡಿಯದೆ ಇಟ್ಟಿದ್ದ ಲೋಟವನ್ನು ಎತ್ತಿಕೊಂಡಳು.

ತೆರೆಯ ಮೇಲೆ ತುಟಿಗಳು ಆಡಿದವು, ನಿಂತವು, ಮತ್ತೆ ಆಡಿದವು. ಹೆಡ್‌ಫೋನಿನಲ್ಲಿ, ಆಚೆಯ ದೊಡ್ಡ ಸ್ಪೀಕರುಗಳಲ್ಲಿ, ಗುಟುಕು ಗುಟುಕಾಗಿ, ಯಾರೋ ನೀರು ಕುಡಿಯುವ ಸದ್ದು.