ಬರೆದುಕೊಟ್ಟ ಕೋಣೆ

ಸೊಸೆಯ ಹೊಲಿಗೆ ಮೆಷಿನ್ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಂಥ ಜಾಗದಲ್ಲಿ. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ಅವಳು ಎದ್ದು ಸ್ಟೂಲು ಸರಿಸಬೇಕು. ಒಂಬತ್ತು ವರ್ಷ ಹೀಗೆ ಎದ್ದು ಕೂತು, ಎದ್ದು ಕೂತು ಆಸ್ಪತ್ರೆಯ ರೋಗಿಗಳಿಗೆ ಗೌನು ಹೊಲಿದಿದ್ದಾಳೆ. ಅವಳ ಬೆನ್ನ ಹಿಂದೆಯೇ ಬೀಗ ಹಾಕಿದ ಒಂದು ಬಾಗಿಲು. ಒಳಗೆ ದೊಡ್ಡ ಕಿಟಕಿಯ ಕೋಣೆ, ಮಂಚ, ತಂತಿ ಹರಿದ ಗಿಟಾರು, ಬೆರಳು ದಪ್ಪದ ಧೂಳು. ಅದು ಮೈದುನನ ಕೋಣೆ.

ಗಂಡ ಸತ್ತ ಮೇಲೆ ಬಾಡಿಗೆ ಕರಾರು ಅವಳ ಹೆಸರಿಗೆ ಬಂತು, ಬಾಡಿಗೆ ಅವಳ ತಲೆಗೆ ಬಂತು. ಕೋಣೆಯ ಕೀಲಿ ಮಾತ್ರ ಅತ್ತೆಯ ಕೊರಳಿನ ದಾರ ಬಿಟ್ಟು ಇಳಿಯಲಿಲ್ಲ. ಈಗ ಗೌನಿನ ಗುತ್ತಿಗೆದಾರ ಗಡುವು ಕೊಟ್ಟಿದ್ದ: ಸೋಮವಾರದೊಳಗೆ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಹಾಕಿಕೊಂಡರೆ ವರ್ಷವಿಡೀ ಕೆಲಸ, ಇಲ್ಲದಿದ್ದರೆ ಬೇರೆಯವರಿಗೆ. ಅವಳು ಕೊಂಡಿದ್ದ ಹಳೇ ಮೆಷಿನ್ ಇಡಲು ಜಾಗವಿಲ್ಲದೆ ರಿಪೇರಿ ಅಂಗಡಿಯಲ್ಲೇ ಕೂತಿತ್ತು.

"ಅತ್ತೆ, ಆ ಕೋಣೆ ಕೊಡಿ."

"ಮಗು ಬಂದ್ರೆ ಎಲ್ಲಿ ಮಲಗ್ಬೇಕು?"

ಮಗುವಿಗೆ ಮೂವತ್ತಾರು ತುಂಬಿತ್ತು. ಬೀದಿಯವರು ಅವನನ್ನು 'ಕಾಲ್ಚಕ್ರ' ಎನ್ನುತ್ತಿದ್ದರು. ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಯಾವ್ಯಾವುದೋ ಕಂಪನಿಗೆ ಜಾಹೀರಾತು ಬರೆಯುತ್ತ ಎರಡು ತಿಂಗಳು ಒಂದು ದೇಶ, ಎರಡು ತಿಂಗಳು ಇನ್ನೊಂದು. ಎಲ್ಲೂ ತೆರಿಗೆ ಬೀಳುವಷ್ಟು ದಿನ ನಿಲ್ಲುತ್ತಿರಲಿಲ್ಲ. ಎಲ್ಲ ಊರಿನ ರಸ್ತೆ ಬೇಕು, ದೀಪ ಬೇಕು, ಜ್ವರ ಬಂದರೆ ಆಸ್ಪತ್ರೆ ಬೇಕು. ಯಾವುದಕ್ಕೂ ತನ್ನ ಪಾಲು ಕೊಡುವುದು ಬೇಡ. ಸೊಸೆ ಕೊಳ್ಳುವ ಒಂದೊಂದು ದಾರದುಂಡೆಯ ಮೇಲೂ ತೆರಿಗೆ ಇತ್ತು. ತಪ್ಪಿಸಿಕೊಂಡು ಹಾರಲು ಅವಳಿಗೆ ವಿಮಾನವಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಬಂದಿಳಿದ. ಕೈಯಲ್ಲಿ ತೆರಿಗೆ ಕಚೇರಿಯ ನೋಟಿಸು, ಮುಖದಲ್ಲಿ ಎಂದೂ ಇಲ್ಲದ ವಿನಯ.

"ಅತ್ತಿಗೆ, ಒಂದು ಸಣ್ಣ ಸಹಿ ಬೇಕಿತ್ತು."

"ಮೊದ್ಲು ಪಕ್ಕಕ್ಕೆ ಬಾ. ಬಚ್ಚಲಿಗೆ ದಾರಿ ಅದು."

"ದಿನದ ಲೆಕ್ಕ ನಾನು ಸರಿಯಾಗೇ ಇಟ್ಟಿದ್ದೆ. ಈಗ ತೆರಿಗೆಯವರು ಬೇರೆ ನೆಪ ಹಿಡಿದು ಗಂಟುಬಿದ್ದಿದ್ದಾರೆ. ನಾನು ಯಾವಾಗ ಬಂದ್ರೂ ಇರೋಕೆ ಇಲ್ಲೊಂದು ಕೋಣೆ ಸಿದ್ಧ ಇದ್ರೆ ನನ್ನ ಮನೆ ಇಲ್ಲೇ ಅಂತೆ. ಮನೆ ಇಲ್ಲೇ ಅಂತಾದ್ರೆ ಎಲ್ಲಾ ಕಡೆ ದುಡಿದಿದ್ದಕ್ಕೂ ಇಲ್ಲೇ ತೆರಿಗೆ. ಐದು ವರ್ಷದ್ದು, ಮೇಲೆ ದಂಡ."

"ಕೋಣೆ ಸಿದ್ಧ ಇದೆಯಲ್ಲ. ನಿಮ್ಮಮ್ಮ ಒಂಬತ್ತು ವರ್ಷದಿಂದ ಕಾಯ್ತಿದ್ದಾರಲ್ಲ."

"ಇಲ್ಲ ಅಂತ ಬರ್ಕೊಡಿ."

ವಕೀಲನಿಂದ ಅವಳ ಹೆಸರಲ್ಲೇ ಬರೆಸಿ ತಂದಿದ್ದ: ಈ ಮನೆಯಲ್ಲಿ ನನ್ನ ಮೈದುನನಿಗೆ ಕೋಣೆಯಿಲ್ಲ, ಹಾಸಿಗೆಯಿಲ್ಲ, ಬಂದು ಉಳಿಯುವ ಹಕ್ಕಿಲ್ಲ. ಹಿಂಬದಿಯ ಕೋಣೆ ನನ್ನ ಹೊಲಿಗೆ ಕೆಲಸಕ್ಕೆ ಮೀಸಲು. ಕೆಳಗೆ 'ಇದು ನಿಜ' ಎಂದು ಅವನ ಸಹಿ. ಅವಳು ಎರಡು ಸಲ ಓದಿದಳು.

"ಸುಳ್ಳಿಗೆ ಸಹಿ ಹಾಕೋಲ್ಲ. ಇದನ್ನ ನಿಜ ಮಾಡು, ಹಾಕ್ತೀನಿ."

"ಮಾಡೋಣ. ನಾಳೆ ಹತ್ತಕ್ಕೆ ತೆರಿಗೆ ಇನ್‌ಸ್ಪೆಕ್ಟರ್ ಬರ್ತಾರೆ, ಅಷ್ಟರಲ್ಲಿ ನನ್ನ ಒಂದು ಹಲ್ಲುಜ್ಜೋ ಬ್ರಷ್ಷೂ ಇಲ್ಲಿ ಕಾಣ್ಬಾರದು."

ಅತ್ತೆ ಬಾಗಿಲು ತೆರೆದು, ಕೀಲಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಮೈದುನ ಮಂಚವನ್ನೂ ಗಿಟಾರನ್ನೂ ಗುಜರಿಯವನಿಗೆ ಕೊಟ್ಟ. ರಿಪೇರಿ ಅಂಗಡಿಯಿಂದ ಓವರ್‌ಲಾಕ್ ಮೆಷಿನ್ನನ್ನು ಅವನೇ ಹೊತ್ತು ತಂದ. ಈ ಮನೆಗಾಗಿ ಅವನು ಎತ್ತಿದ ಮೊದಲ ಭಾರ ಅದು. ಸಂಜೆಗೆ ಎರಡೂ ಮೆಷಿನ್ ಕಿಟಕಿಯ ಬೆಳಕಿನಲ್ಲಿ ನಿಂತವು. ಸೊಸೆ ಸಹಿ ಹಾಕಿದಳು. ಅವನು ಹುಷಾರಿಗೆ ಲಾಡ್ಜಿನಲ್ಲಿ ಮಲಗಿದ.

ಮರುದಿನ ಹತ್ತಕ್ಕೆ ಇನ್‌ಸ್ಪೆಕ್ಟರ್ ಬಂದ. ಸಣಕಲು ಮನುಷ್ಯ, ಸವೆದ ಚಪ್ಪಲಿ. ಕೋಣೆ ನೋಡಿ, ಬಾಡಿಗೆ ಕರಾರು ನೋಡಿ, ಅತ್ತೆಯ ಕಡೆ ತಿರುಗಿದ.

"ಅಮ್ಮ, ಇದು ಯಾರ ಕೋಣೆ?"

ಅತ್ತೆಯ ತುಟಿ ಅಲುಗಿತು. ಮೈದುನ ನಡುವೆ ಬಂದ.

"ಅಮ್ಮನಿಗೆ ಮರೆವು ಸಾರ್. ನಾನು ಹೇಳ್ತೀನಿ. ಈ ಮನೆಗೂ ನನಗೂ ಏನೂ ಸಂಬಂಧ ಇಲ್ಲ. ವರ್ಷಕ್ಕೊಂದು ಫೋನು ಮಾಡ್ತೀನಿ, ಅದೂ ಮನುಷ್ಯತ್ವಕ್ಕೆ."

ಅವನು ಕೊನೆಯ ಸಲ ಫೋನು ಮಾಡಿದ ದಿನ, ಹೊತ್ತು, ಎಷ್ಟು ನಿಮಿಷ ಮಾತಾಡಿದ ಎಂಬುದೂ ಆ ಮುದುಕಿಗೆ ಬಾಯಿಪಾಠವಿತ್ತು. ಇನ್‌ಸ್ಪೆಕ್ಟರನ ಕಣ್ಣು ಆಕೆಯ ಕೊರಳಿಗೆ ಹೋಯಿತು.

"ಆ ಕೀಲಿ ಯಾವುದರದ್ದಮ್ಮ?"

ಮೈದುನ ಮತ್ತೆ ನಡುವೆ ಬರಲು ಹೆಜ್ಜೆ ಇಟ್ಟ. ಅತ್ತೆ ದಾರವನ್ನು ತಲೆಯ ಮೇಲಿಂದ ತೆಗೆದು ಸೊಸೆಯ ಅಂಗೈಯಲ್ಲಿಟ್ಟರು.

"ಈ ಕೋಣೇದು. ಇವಳಿಗೆ ಸೇರಿದ್ದು. ನನಗೆ ಮರೆವು ನೋಡಿ, ಕೊಡೋದನ್ನೇ ಮರ್ತಿದ್ದೆ."

ಇನ್‌ಸ್ಪೆಕ್ಟರ್ ಬರೆದುಕೊಂಡ. "ಸರಿ, ಇಲ್ಲಿ ನಿಮಗೆ ಮನೆ ಇಲ್ಲ. ಹಾಗಾದ್ರೆ ಎಲ್ಲಿದೆ? ನೀವು ವಾಸ ಇರೋ ದೇಶದ ತೆರಿಗೆ ಕಚೇರಿಯಿಂದ ಒಂದು ಪತ್ರ ತನ್ನಿ. ಒಂದು ತಿಂಗಳು ಟೈಮು."

ಯಾವ ದೇಶ ಕೊಟ್ಟೀತು? ಎಲ್ಲ ದೇಶಕ್ಕೂ ಅವನು ಬೆನ್ನು ತೋರಿಸಿಯೇ ಬಂದವನು.

"ಅಲ್ಲೀವರೆಗೂ ಈ ಮನೇನ ಮತ್ತೆ ನೋಡ್ತೀವಿ. ಹೇಳಿ ಬರೋಲ್ಲ," ಎಂದು ಇನ್‌ಸ್ಪೆಕ್ಟರ್ ಹೊರಟ.

ಸೊಸೆ ಓವರ್‌ಲಾಕ್‌ನ ಸ್ವಿಚ್ಚು ಒತ್ತಿದಳು. ಮೈದುನ ಚೀಲ ಹಿಡಿದು ಬಾಗಿಲಲ್ಲಿ ನಿಂತ.

"ಅತ್ತಿಗೆ, ಈ ಒಂದು ತಿಂಗಳು ಇಲ್ಲೇ ಇದ್ದು ವಕೀಲರ ಹತ್ರ ಓಡಾಡ್ಬೇಕು. ಲಾಡ್ಜು ಕೈ ಕಚ್ಚುತ್ತೆ. ಮೆಷಿನ್ ಹೊರಗಿಡಿ, ನೆಲದ ಮೇಲೇ ಮಲಗ್ತೀನಿ."

"ನಿನಗಿಲ್ಲಿ ಉಳಿಯೋ ಹಕ್ಕಿಲ್ಲ ಅಂತ ಬರ್ಕೊಟ್ಟಿದ್ದೀನಲ್ಲಪ್ಪ."

"ಅದು ಅವರಿಗೆ ತೋರಿಸೋಕೆ ಕಣ್ರೀ."

"ಅವರು ಹೇಳದೆ ಬರ್ತಾರಂತೆ. ನೀನು ಮಲಗಿರೋದು ನೋಡಿದ್ರೆ ಸುಳ್ಳು ಸಹಿ ಹಾಕಿದ್ದಕ್ಕೆ ಜೈಲಿಗೆ ಹೋಗೋಳು ನಾನು. ನನ್ನ ಬದಲು ನೀನು ಹೋಗ್ತೀಯಾ? ಅಲ್ಲಿ ಆರು ತಿಂಗಳು ಒಂದೇ ಕಡೆ ಇರ್ಬೇಕಾಗುತ್ತೆ, ಯೋಚನೆ ಮಾಡು."

"ಅಮ್ಮಾ, ನೀನಾದ್ರೂ ಹೇಳು."

ಅತ್ತೆ ಕಿಟಕಿಯ ಬಳಿ ಕೂತು ಗೌನಿನ ಅಂಚಿನ ದಾರ ಕತ್ತರಿಸುತ್ತಿದ್ದರು. ಕತ್ತರಿ ಕೆಳಗಿಟ್ಟು, ಮಂಡಿ ಹಿಡಿದು ಎದ್ದು ಬಾಗಿಲಿಗೆ ಬಂದರು. ಅವನು ಚೀಲವನ್ನು ಓಣಿಯಲ್ಲಿ, ಮೊದಲು ಮೆಷಿನ್ ಇದ್ದ ಜಾಗದಲ್ಲಿ ಇಳಿಸಿದ.

"ಅದನ್ನ ಎತ್ತು," ಎಂದರು ಅತ್ತೆ. "ನಾನು ಬಚ್ಚಲಿಗೆ ಹೋಗ್ಬೇಕು."