ಸೇಡಂಗೆ ಹೊರಟ ಸಿದ್ದು

ಸಿದ್ಧಲಿಂಗನನ್ನು ಯಾರಾದರೂ ಮುಟ್ಟಿದರೆ ಸಾಕು, ಸುಟ್ಟಹಾಗೆ ಕಿರುಚುತ್ತಿದ್ದ. ಶಹಾಬಾದದಲ್ಲಿ ಪಕ್ಕದ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆದೊಯ್ದಾಗ ಮುತ್ತೈದೆಯೊಬ್ಬಳು ಪ್ರೀತಿಯಿಂದ ಅವನ ಹಣೆಗೆ ಕುಂಕುಮ ಹಚ್ಚಿದಳು. ಅವನು ನೆಲಕ್ಕೆ ಬಿದ್ದು ತಲೆ ಚಚ್ಚಿಕೊಂಡ. ಅಂದು ಮಗನನ್ನು ಮನೆಗೆ ತಂದ ನಾಗರತ್ನಾ ಆಮೇಲೆ ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಸೇಡಂನಲ್ಲಿದ್ದ ತವರಿಗೂ ಹೋಗಲಿಲ್ಲ.

ಹುಡುಗನಿಗೆ ಆರು ವರ್ಷ. ಟಿ.ವಿ. ಜಾಹೀರಾತುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ; ಆದರೆ ನೀರು ಬೇಕಾದರೆ ನೀರು ಎಂದು ಕೇಳುತ್ತಿರಲಿಲ್ಲ, ಅಳುತ್ತಿದ್ದ. ಅದು ಆಟಿಸಂ ಎಂದು ಕಲಬುರಗಿಯ ಡಾಕ್ಟರು ಹೇಳಿ, ಥೆರಪಿ ಮಾಡುವ ಉಜ್ಮಾ ಮೇಡಂ ಹತ್ತಿರ ಕಳಿಸಿದರು.

"ಅವ ಹಠ ಮಾಡಾಕತ್ತಿಲ್ರಿ," ಎಂದರು ಉಜ್ಮಾ. "ನಮಗ ಸಣ್ಣ ಸಪ್ಪಳ ಅನಿಸಿದ್ದು ಅವನಿಗಿ ಬಡದಂಗ ಆಗ್ತದ. ಮೆಲ್ಲಕ ಮುಟ್ಟಿದ್ರೂ ಚುಚ್ಚಿದಂಗ. ಮನ್ಯಾಗ ಕಾಳು, ಉಸುಕು, ಹಿಟ್ಟು ಇಟ್ಟು ಆಟ ಆಡ್ರಿ. ಜುಲುಮಿ ಮಾತ್ರ ಬ್ಯಾಡ. ನೀವು ಆಡ್ರಿ, ಅವ ನೋಡಲಿ."

ನಾಗರತ್ನಾ ಒಂದು ಬುಟ್ಟಿಯ ತುಂಬ ತೊಗರಿ ಸುರುವಿ, ಅದರೊಳಗೆ ಕಟ್ಟಿಗೆಯ ಗೊಂಬೆಗಳನ್ನು ಹುಗಿದಿಟ್ಟಳು. ತಾನೇ ಕೈಹಾಕಿ ಒಂದು ಎತ್ತನ್ನು ಹೊರತೆಗೆದು ತೋರಿಸಿದಳು. ಸಿದ್ದು ತಿರುಗಿಯೂ ನೋಡಲಿಲ್ಲ. ಹಾಗೇ ಕೆಲವು ದಿನ ಕಳೆದ ಮೇಲೆ ಬುಟ್ಟಿಯನ್ನೇ ಒದ್ದು ಬೀಳಿಸಿದ. ಫರಸಿ ಕಲ್ಲಿನ ನೆಲದ ಮೇಲೆ ತೊಗರಿ ಮೂಲೆಮೂಲೆಗೂ ಉರುಳಿತು.

"ಉಣ್ಣೋ ಕಾಳು ಆಟಕ್ಕ ಹಚ್ಚೀದಿ. ಇನ್ನೇನಾಗ್ತದ ಮತ್ತ?" ಎನ್ನುತ್ತ ಅತ್ತೆ ವಿಮಲಾಬಾಯಿ ಕಸಬರಿಗೆ ತಂದರು.

"ಅತ್ತಿ, ತಡೀರಿ. ಬಳೀಬ್ಯಾಡ್ರಿ."

ಸಿದ್ದು ಬರಿಗಾಲಲ್ಲಿ ಕಾಳಿನ ಮೇಲೆ ನಡೆಯುತ್ತಿದ್ದ. ಬೆರಳು ಮಡಚಿ, ಬಿಚ್ಚಿ, ಮತ್ತೆ ಹಿಂದೆ ಬಂದು ಅದೇ ದಾರಿಯಲ್ಲಿ ನಡೆದ. ಮುಖದಲ್ಲಿ ಹೆದರಿಕೆ ಇರಲಿಲ್ಲ. ವಿಮಲಾಬಾಯಿ ಕಸಬರಿಗೆ ಹಿಡಿದೇ ನಿಂತುಬಿಟ್ಟರು.

ಕೈಗೆ ಬೇಡವಾದದ್ದು ಕಾಲಿಗೆ ಬೇಕಾಗಿತ್ತು. ಅಂದಿನಿಂದ ಆಟ ಕಾಲಿನಿಂದಲೇ ಶುರುವಾಯಿತು. ಅಗಲವಾದ ತಟ್ಟೆಯಲ್ಲಿ ತೊಗರಿ, ಆಮೇಲೆ ಒಣ ಉಸುಕು, ಬೇಸಿಗೆ ಬಂದಾಗ ಹಸಿ ಉಸುಕು. ತಂದೆ ಅಂಬರಾಯ ಕಲ್ಲು ಪಾಲಿಶ್ ಕೆಲಸ ಮುಗಿಸಿ ಬಂದವನು ತಾನೂ ಚಪ್ಪಲಿ ಬಿಟ್ಟು ಉಸುಕು ತುಳಿಯುತ್ತಿದ್ದ. ಒಂದು ಸಂಜೆ ಅಜ್ಜಿ ರೊಟ್ಟಿ ಬಡಿಯುವಾಗ ಹುಡುಗ ತಾನಾಗಿ ಬಂದು ಕುಳಿತ. ಹಿಟ್ಟಿನ ಮುದ್ದೆಗೆ ಬೆರಳು ಚುಚ್ಚಿ, ಬೆಚ್ಚಿ, ಅಂಗಿಗೆ ಒರೆಸಿಕೊಂಡ. ಮತ್ತೆ ಚುಚ್ಚಿದ.

ಆಮೇಲೆ ವಿಮಲಾಬಾಯಿಯನ್ನು ತಡೆಯುವವರೇ ಇರಲಿಲ್ಲ. ಉಜ್ಮಾ ಹೇಳಿಕೊಟ್ಟಂತೆ ಹಳೆಯ ಹತ್ತಿ ಗಾದಿ ಹಾಸಿ, ಮೊಮ್ಮಗನ ತಲೆ, ಕೈ ಹೊರಗಿರುವಂತೆ ಅವನನ್ನು ಅದರಲ್ಲಿ ಸುತ್ತಿ, "ಸಿದ್ದೂನ ಸುರುಳಿ ಮಾಡೀವಿ. ಒತ್ತಲೇನು?" ಎಂದು ಕೇಳಿ ಕಾಯುತ್ತಿದ್ದರು. ಅವನು ಕೈ ತಳ್ಳಿದರೆ ಬಿಡುತ್ತಿದ್ದರು. ಎಳೆದುಕೊಂಡರೆ ಅಂಗೈ ಊರಿ ಭುಜ, ತೋಳು, ಕಾಲು ಗಟ್ಟಿಯಾಗಿ ಒತ್ತುತ್ತಿದ್ದರು. ಹಗುರ ಮುಟ್ಟುವುದನ್ನು ಸಹಿಸದ ಹುಡುಗ ಈ ಒತ್ತಡಕ್ಕೆ ಹೊಟ್ಟೆಯಿಂದ ನಗುತ್ತಿದ್ದ. ಆ ನಗು ಕೇಳಲು ನಾಗರತ್ನಾ ಒಲೆಯ ಮೇಲಿನ ಅನ್ನ ಬಿಟ್ಟು ಓಡಿಬರುತ್ತಿದ್ದಳು.

ಅಷ್ಟರಲ್ಲಿ ಸೇಡಂನಿಂದ ನಾಗರತ್ನಾಳ ತಂಗಿಯ ಮದುವೆಯ ಸುದ್ದಿ ಬಂತು. ಅಂಬರಾಯ ಹಿಂಜರಿದ. "ವಾಡ್ಯಾಗ ಗಾಡಿ ಬದಲಿ ಮಾಡಬೇಕು. ಮಂದಿ ಮುಂದ ಬಿದ್ದು ಹೊರಳ್ಯಾಡಿದ್ರ?"

"ಮಂದಿ ಮಂದಿ ಅನಕೋತ ಕುಂತ್ರ ಕೂಸು ಊರು ನೋಡೋದು ಯಾವಾಗ?" ಎಂದರು ವಿಮಲಾಬಾಯಿ. "ನೀ ಮದವಿ ದಿನ ಬಾ. ನಾವು ಮುಂದ ಹೋಗ್ತೀವಿ."

ವಾಡಿ ಜಂಕ್ಷನ್ನಿನಲ್ಲಿ ಸೇಡಂ ಗಾಡಿಗೆ ಕಾಯುತ್ತಿದ್ದಾಗ ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿ ನುಗ್ಗಿತು. ನೆಲ ನಡುಗಿತು. ಸಿದ್ದು ಎರಡೂ ಕಿವಿ ಮುಚ್ಚಿ ಕುಕ್ಕರಿಸಿದ; ಗಂಟಲಿನಿಂದ ಆ ಹಳೆಯ ಕಿರುಚು ಏಳತೊಡಗಿತು. ಮಂದಿ ತಿರುಗಿ ನೋಡಿದರು. ನಾಗರತ್ನಾ ಎತ್ತಿಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವನ ಎದುರಿಗೆ ಸುಮ್ಮನೆ ಕುಳಿತಳು.

ಸಿದ್ದು ಒಂದು ಕಿವಿಯಿಂದ ಕೈ ತೆಗೆದ. ತಡಕಾಡಿ ಅಜ್ಜಿಯ ಕೈ ಹಿಡಿದು ತನ್ನ ಭುಜದ ಮೇಲೆ ಇಟ್ಟುಕೊಂಡ.

"ಒತ್ತು," ಎಂದ.

ವಿಮಲಾಬಾಯಿ ಸೀರೆ ಧೂಳಾಗುವುದನ್ನೂ ನೋಡದೆ ಅವನ ಹಿಂದೆ ಕುಳಿತು ಎರಡೂ ಭುಜ ಒತ್ತಿದರು. ಗೂಡ್ಸಿನ ಡಬ್ಬಿಗಳು ಹಾಯುತ್ತಲೇ ಇದ್ದವು. ಕಿರುಚು ಮುಲುಕಾಯಿತು, ಮುಲುಕು ಉಸಿರಾಯಿತು.

"ಏನಾಗ್ಯಾದರಿ ಕೂಸಿಗಿ?" ಯಾರೋ ಕೇಳಿದರು.

"ಏನೂ ಆಗಿಲ್ಲ. ಸಪ್ಪಳ ಭಾಳ ಆಗ್ಯಾದ. ಒತ್ತು ಅಂದಾನ, ಒತ್ತಾಕತ್ತೀನಿ." ವಿಮಲಾಬಾಯಿಯ ದನಿಯಲ್ಲಿ ಬಿಗುಮಾನವಿತ್ತು, ಕಣ್ಣಲ್ಲಿ ಮಾತ್ರ ನೀರು.

ಗೂಡ್ಸ್ ದಾಟಿತು. ಸಿದ್ದು ತಾನೇ ಎದ್ದು ನಿಂತ. ಸೇಡಂ ಗಾಡಿ ಬಂದಾಗ ಅಮ್ಮನಿಗಿಂತ ಮೊದಲು ಮೆಟ್ಟಿಲು ಹತ್ತಿದ. ಚಿತ್ತಾಪುರ ದಾಟುವವರೆಗೂ ಕಿಟಕಿಯ ಸರಳಿಗೆ ಹಣೆ ಒತ್ತಿ ಕುಳಿತಿದ್ದ. ನಾಗರತ್ನಾ ಮಾತ್ರ ಅವನನ್ನೇ ನೋಡುತ್ತ, ಆ ಒಂದು ಮಾತನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಳು.

ತವರಿನ ಬಾಗಿಲಲ್ಲಿ ಅರಿಶಿನ ಮೆತ್ತಿದ ಕೈ ಚಾಚಿ ತಂಗಿ ಓಡಿಬಂದಳು.

"ಮೊದಲ ಅವನ್ನ ಕೇಳು," ಎಂದಳು ನಾಗರತ್ನಾ.

ತಂಗಿ ಮೊಣಕಾಲೂರಿದಳು. "ಸಿದ್ದೂ, ಎತ್ತಗೊಳ್ಳಲೇನು?"

ಸಿದ್ದು ಆ ಹಳದಿ ಕೈಗಳನ್ನು ನೋಡಿದ. "ಬ್ಯಾಡ," ಎಂದ ಸ್ಪಷ್ಟವಾಗಿ.

ತಂಗಿಯ ಮುಖ ಬಾಡಿತು. ನಾಗರತ್ನಾ ಮಾತ್ರ ಹಂದರದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.