ಬಿಸಾಡುವುದು: ಶನಿವಾರ ಸಂಜೆ ನಾಲ್ಕು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಕಾಂಪೌಂಡರರ ಶವದ ಪಕ್ಕ ಕೂತಿದ್ದ ಲೇತ್ ಕೆಲಸಗಾರನ ಜೇಬಿನಲ್ಲಿ ಮೊಬೈಲ್ ಅಲಾರಂ ಕೂಗಿಕೊಂಡಿತು. ಆತನ ಹೆಂಡತಿ ಕೈಚೀಲದಿಂದ ಎರಡು ಪುಟ್ಟ ಬಾಟಲಿಗಳನ್ನು ತೆಗೆದಳು.

"ತಲೆ ಎತ್ತಿ, ಮೇಲೆ ನೋಡಿ."

"ಇಲ್ಲೇನಾ? ಹೊರಗೆ ಹೋಗೋಣ ಕಣೇ, ಚೆನ್ನಾಗಿರಲ್ಲ."

"ಹತ್ತು ಅಂದ್ರೆ ಹತ್ತು. ನೀವು ಚಪ್ಪಲಿ ಹುಡುಕೋದ್ರೊಳಗೆ ಹತ್ತೂ ಐದಾಗಿರುತ್ತೆ. ಅವರೆದುರಿಗೇ ತಡ ಮಾಡ್ತೀರಾ?"

ಆತ ಕತ್ತು ಹಿಂದಕ್ಕೆ ವಾಲಿಸಿದ. ಬಲಗಣ್ಣಿನ ಮೇಲಿದ್ದ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳವನ್ನು ಆಕೆ ಎತ್ತಿದಳು, ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟಳು. ಎರಡನೆಯ ಬಾಟಲಿಗೆ ಐದು ನಿಮಿಷ ಕಾಯಬೇಕು. ಒಂದರ ಬೆನ್ನಿಗೇ ಇನ್ನೊಂದು ಬಿಟ್ಟರೆ ಮೊದಲಿನದು ಕೊಚ್ಚಿಹೋಗುತ್ತದೆ. ಕೋಣೆಯಲ್ಲಿ ಹನ್ನೊಂದು ಜನರಿದ್ದರು. ಆ ಐದು ನಿಮಿಷ ಯಾರೂ ಅಳಲಿಲ್ಲ, ಎಲ್ಲರೂ ಗೋಡೆ ಗಡಿಯಾರ ನೋಡುತ್ತಿದ್ದರು.

"ನಾಲ್ದಿನ ಇದ್ದಿದ್ರೆ, ಇನ್ನೂ ಎಂಟು ಸೆಕೆಂಡ್ ಇದೆ ತಡಿಯಮ್ಮಾ ಅಂತಿದ್ರು," ಎಂದ ಆಸ್ಪತ್ರೆಯ ಗೇಟಿನವನು. ಯಾರೋ ನಕ್ಕು, ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ನಾಲ್ದಿನ ಎಂಬುದು ಕಾಂಪೌಂಡರರಿಗೆ ನರ್ಸುಗಳು ಇಟ್ಟ ಹೆಸರು. ರಸ್ತೆಯಾಚೆಗಿನ ಕಣ್ಣಿನ ಆಸ್ಪತ್ರೆಯಲ್ಲಿ ಔಷಧಿ ಬೆರೆಸುವ ಕೋಣೆ ಮೂವತ್ತೊಂದು ವರ್ಷ ಅವರ ಕೈಯಲ್ಲಿತ್ತು. ಕರಿಗುಡ್ಡೆಯ ಮೇಲೆ ಆಳವಾದ ಹುಣ್ಣಾದರೆ ಅಂಗಡಿಯಲ್ಲಿ ಸಿಗುವ ಹನಿ ಸಾಲದು. ಇಂಜೆಕ್ಷನ್ ಪುಡಿ ಕರಗಿಸಿ, ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾದ ಹನಿಯನ್ನು ಕೈಯಲ್ಲೇ ತಯಾರಿಸಬೇಕು. ಫ್ರಿಜ್ಜಿನಲ್ಲಿಟ್ಟರೂ ಅದಕ್ಕೆ ಆಸ್ಪತ್ರೆ ಕೊಟ್ಟ ಆಯಸ್ಸು ನಾಲ್ಕು ದಿನ. ಬಹಳ ವರ್ಷ ಬೆರೆಸುವವರು ಇನ್ನೊಬ್ಬರಿರಲಿಲ್ಲ. ಹಾಗಾಗಿ ಕಾಂಪೌಂಡರರ ರಜೆಗೂ ನಾಲ್ಕು ದಿನವೇ ಮಿತಿ. ಶುಕ್ರವಾರ ಸಂಜೆ ಐದೂವರೆಗೆ ಅದೇ ಕೋಣೆಯ ಸ್ಟೂಲಿನ ಮೇಲೆ ಕೂತವರು ಏಳಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಅಡುಗೆಮನೆ ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ಮಗಳು ಬಾಟಲಿಯ ಚೀಟಿ ನೋಡಿದಳು. ಅಪ್ಪನ ಅಕ್ಷರ. 'ಬಿಸಾಡುವುದು: ಶನಿವಾರ ಸಂಜೆ 4.'

ಆಕೆಯ ಮಂಚದ ಕೆಳಗೆ ಕಟ್ಟಿಟ್ಟ ಸೂಟ್‌ಕೇಸ್ ಇತ್ತು. ರೈಲು ಸೋಮವಾರ ಬೆಳಿಗ್ಗೆ ಏಳೂ ಐದಕ್ಕೆ.

*

ನಾಲ್ಕು ದಿನ ಮೀರಿ ಅವರು ಊರು ಬಿಟ್ಟದ್ದು ಒಂದೇ ಸಲ, ಹನ್ನೆರಡು ವರ್ಷದ ಹಿಂದೆ. ಹೆಂಡತಿ ಸಮುದ್ರ ನೋಡಿರಲಿಲ್ಲ. ಹೋಗಲು ಒಂದು ದಿನ, ಬರಲು ಒಂದು ದಿನ, ನಡುವೆ ಎರಡು ಎಂದು ಲೆಕ್ಕ ಹಾಕಿ ಹೊರಟರು. ಬರುವಾಗ ಬಸ್ಸು ಕೆಟ್ಟಿತು. ಕೆಲಸಕ್ಕೆ ಮರಳುವ ಹೊತ್ತಿಗೆ ಐದನೆಯ ದಿನದ ಸಂಜೆ.

ವಾರ್ಡಿನಲ್ಲಿ ಒಬ್ಬ ಬಡಗಿಯಿದ್ದ. ಕಣ್ಣಿಗೆ ಮರದ ಸಿಬಿರು ಹೊಕ್ಕು ಹುಣ್ಣಾಗಿತ್ತು. ಬೇರೆ ದಾರಿಯಿಲ್ಲದೆ ಇಡೀ ದಿನ ಅವನಿಗೆ ಅವಧಿ ಮುಗಿದ ಹನಿಯನ್ನೇ ಬಿಟ್ಟಿದ್ದರು. ಆ ವಾರ ಅವನ ಕಣ್ಣು ಹೋಯಿತು. ಮೂರನೆಯ ದಿನವೇ ಕರಿಗುಡ್ಡೆ ತೂತಾಗಿತ್ತು, ಹೊಸ ಹನಿ ಇದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯೆ ಬರೆದುಕೊಟ್ಟರು. ಕಾಂಪೌಂಡರ್ ಆ ಕಾಗದವನ್ನು ಓದಿ, ಮಡಚಿ, ವಾಪಸು ಕೊಟ್ಟರು. ಮುಂದಿನ ತಿಂಗಳು ತಾವೇ ಓಡಾಡಿ ಬಡಗಿಗೆ ಗೇಟಿನ ಕೆಲಸ ಕೊಡಿಸಿದರು.

*

"ಸಾವಿರ ಸಲ ಹೇಳಿದೀನಿ ಅತ್ತಿಗೆ, ನಿಮ್ಮಿಂದ ಹೋಗಿದ್ದಲ್ಲ ಸ್ವಾಮಿ ಅಂತ," ಎಂದ ಗೇಟಿನವನು. "ನನ್ನ ಮುಖ ನೋಡಿದ್ರೆ ಸಾಕು, ತಲೆ ತಗ್ಗಿಸೋರು. ಹನ್ನೆರಡು ವರ್ಷ ದಿನಾ ಎರಡು ಸಲ ಗೇಟ್ ತೆಗೆದಿದ್ದು ನಾನು, ತಲೆ ತಗ್ಗಿಸಿದ್ದು ಅವರು."

"ಸಮುದ್ರಾನ ನಾನೊಬ್ಬಳೇ ನೋಡಿದ್ದು ಕಣಪ್ಪ," ಎಂದರು ತಾಯಿ. "ಅವರು ದಂಡೇಲಿ ಕೂತು ಕೈಗಡಿಯಾರ ನೋಡ್ತಿದ್ರು."

ಹನ್ನೊಂದೂಕಾಲಿಗೆ ಕಣ್ಣಿನ ವೈದ್ಯೆ ಬಂದರು. ಶವದ ಪಾದದ ಬಳಿ ಒಂದು ನಿಮಿಷ ನಿಂತರು. ಆಮೇಲೆ ಮಗಳನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು.

"ಕೇಳಬಾರದ ದಿನ ಕೇಳ್ತಿದೀನಿ, ಬೇಕಾದ್ರೆ ಬೈಯಮ್ಮ. ಲೇತ್‌ನವರ ಬಾಟ್ಲಿ ನಾಲ್ಕಕ್ಕೆ ಮುಗಿಯುತ್ತೆ. ಅದಲ್ಲದೆ ವಾರ್ಡಲ್ಲಿ ಇನ್ನಿಬ್ಬರಿದಾರೆ."

"ಬೇರೆ ಆಸ್ಪತ್ರೆಯಿಂದ ತರಿಸೋಕಾಗಲ್ವಾ ಮೇಡಂ?"

"ಹತ್ತಿರದ್ದು ಅಂದ್ರೆ ಆರು ಗಂಟೆ ದಾರಿ. ಐಸ್ ಇಟ್ಟು ನಾಲ್ಕು ದಿನಕ್ಕೊಂದು ಸಲ ತರಿಸ್ತಾ ಕೂರೋಕಾಗುತ್ತಾ? ಅವರೂ ಕೊಡಲ್ಲ."

"ಚಿಕ್ಕ ಸಿಸ್ಟರ್‌ಗೆ ಅಪ್ಪ ಕಲಿಸ್ತಿದ್ರಲ್ಲ?"

"ಎರಡು ಸಲ ಪಕ್ಕದಲ್ಲಿ ನಿಂತು ನೋಡಿದಾಳೆ ಅಷ್ಟೆ. ಬೆಳಗಿಂದ ಅಳ್ತಾ ಕೂತಿದಾಳೆ, ಒಬ್ಬಳೇ ಮುಟ್ಟಲ್ಲ ಅಂತಾಳೆ. ಒಂದು ತಿಂಗಳು ಸಿಕ್ಕಿದ್ರೆ ತಯಾರು ಮಾಡಬಹುದು." ವೈದ್ಯೆ ಒಗೆಯುವ ಕಲ್ಲಿನ ಕಡೆ ನೋಡಿದರು. "ನೀನು ಯಾವಾಗ ಸೇರಬೇಕು?"

"ಮಂಗಳವಾರದೊಳಗೆ. ಆಮೇಲೆ ಸೀಟು ಮುಂದಿನವರಿಗೆ ಹೋಗುತ್ತೆ."

"ಮುಂದಿನ ವರ್ಷ?"

"ವಯಸ್ಸು ಮೀರುತ್ತೆ ಮೇಡಂ."

ಒಳಗಿನಿಂದ ಯಾರದೋ ದೊಡ್ಡಮ್ಮನ ದನಿ ಸ್ಪಷ್ಟವಾಗಿ ಕೇಳಿತು: "ಪುಣ್ಯ, ಮಗಳಾದ್ರೂ ಅದೇ ಕೆಲಸ ಕಲಿತಿದಾಳೆ. ಇಲ್ಲೇ ಇರ್ತಾಳೆ, ತಾಯಿಗೂ ಆಸರೆ, ಆಸ್ಪತ್ರೆಗೂ ಆಸರೆ."

*

ಎಂಟು ವರ್ಷ ಅಪ್ಪನ ಕೈಕೆಳಗೆ ತಾತ್ಕಾಲಿಕ ಸಹಾಯಕಿಯಾಗಿದ್ದು, ಮೂರನೆಯ ಪ್ರಯತ್ನದಲ್ಲಿ ದೂರದ ದೊಡ್ಡ ಪ್ರಯೋಗಾಲಯದ ಎರಡು ವರ್ಷದ ತರಬೇತಿಗೆ ಆಕೆ ಆಯ್ಕೆಯಾಗಿದ್ದಳು. ಪತ್ರ ಬಂದು ಮೂರು ವಾರವಾಗಿತ್ತು. ಬಂದ ದಿನವೇ, ಅಪ್ಪ ಸಿರಿಂಜಿನಲ್ಲಿ ನೀರು ಎಳೆಯುತ್ತಿದ್ದಾಗ ಹೇಳಿದಳು. ಕೈ ಅಲುಗಲಿಲ್ಲ. ಗೆರೆಗೆ ಸರಿಯಾಗಿ ನಿಲ್ಲಿಸಿಯೇ ಮಾತಾಡಿದರು.

"ಹೋಗು."

"ನೀವೊಬ್ಬರೇ ಆಗ್ತೀರಲ್ಲಪ್ಪ?"

"ನಾನಿದೀನಲ್ಲ, ಇನ್ನೇನು ಬೇಕು?" ಪುಡಿಯ ಸೀಸೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಈ ಎರಡು ಔಷಧಿ ಹೇಗೆ ಕೆಲಸ ಮಾಡ್ತವೆ, ಹೇಳು. ಅಲ್ಲಿ ಮೊದಲ ದಿನವೇ ಕೇಳ್ತಾರೆ."

ಆಕೆ ಹೇಳಿದಳು. ಬ್ಯಾಕ್ಟೀರಿಯಾಕ್ಕೆ ಮೈ ಸುತ್ತ ಗೋಡೆಯಿದೆ, ನಮ್ಮ ಜೀವಕೋಶಕ್ಕಿಲ್ಲ. ಮೊದಲನೆಯ ಔಷಧಿ ಆ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ, ಒಳಗಿನ ಒತ್ತಡಕ್ಕೆ ಅದು ಒಡೆದುಹೋಗುತ್ತದೆ. ಎರಡನೆಯದು ಒಳಗೆ ಹೊಕ್ಕು, ಪ್ರೋಟೀನ್ ತಯಾರಿಸುವ ಯಂತ್ರವನ್ನೇ ಹಾಳು ಮಾಡುತ್ತದೆ.

"ಒಂದು ಬಿಟ್ಟೆ. ಗೋಡೆ ಕೆಡಿಸೋದು ಎಲ್ಲವನ್ನೂ ಕೊಲ್ಲಲ್ಲ. ಬೆಳೆಯೋಕೆ ಹೊರಟಿದ್ದು ಮಾತ್ರ ಸಾಯುತ್ತೆ. ಅಲುಗಾಡದೆ ಕೂತಿದ್ದು ಬಚಾವ್." ಅವರು ಸೀಸೆ ಕೆಳಗಿಟ್ಟರು. "ಅದಕ್ಕೇ ಗಂಟೆಗಂಟೆಗೂ ಬಿಡೋದು, ಉರಿ ಕಮ್ಮಿ ಆಯ್ತು ಅಂತ ನಿಲ್ಲಿಸಬಾರದು ಅನ್ನೋದು. ಕಣ್ಣೀರು ಕ್ಷಣದಲ್ಲಿ ತೊಳೆದುಬಿಡುತ್ತೆ. ಆ ಕೂತಿದ್ದು ಎದ್ದಾಗ ಸಿಗಬೇಕು ಅಂದ್ರೆ ನಾವು ಬಾಗಿಲಲ್ಲೇ ಕಾಯ್ತಿರಬೇಕು."

*

ಒಂದು ಗಂಟೆಗೆ ಸ್ಮಶಾನದ ಗಾಡಿ ಹೊರಟಿತು. ಎಲ್ಲ ಮುಗಿದಾಗ ಮೂರು. ಲೇತ್ ಕೆಲಸಗಾರ ಸ್ಮಶಾನಕ್ಕೆ ಬರಲಿಲ್ಲ. ಧೂಳು ತಾಗಬಾರದೆಂದು ಗೇಟಿನವನು ಅವನನ್ನು ವಾರ್ಡಿಗೆ ಅಟ್ಟಿದ್ದ.

"ಎರಡು ಕಣ್ಣಿರೋನಿಗೆ ಒಂದರ ಬೆಲೆ ಗೊತ್ತಾಗಲ್ಲ. ನಡಿ ಒಳಗೆ, ನಿನ್ನ ಪಾಲಿನದೂ ನಾನೇ ಅತ್ತು ಬರ್ತೀನಿ."

ಮೂರೂ ಇಪ್ಪತ್ತಕ್ಕೆ ಮಗಳು ಸ್ನಾನ ಮಾಡಿ, ಒದ್ದೆ ಕೂದಲನ್ನು ಕಟ್ಟಿಕೊಂಡು ಚಪ್ಪಲಿ ಮೆಟ್ಟಿದಳು. ತಾಯಿ ಎಲ್ಲಿಗೆಂದು ಕೇಳಲಿಲ್ಲ. "ಊಟ ಮುಚ್ಚಿಟ್ಟಿರ್ತೀನಿ," ಎಂದರು. ಮೂವತ್ತೊಂದು ವರ್ಷ ಇನ್ನೊಬ್ಬರಿಗೆ ಹೇಳಿದ ಮಾತು ಅದು. ಹೇಳಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ಬೆರೆಸುವ ಕೋಣೆಗೆ ಕಿಟಕಿಯಿರಲಿಲ್ಲ. ಹೊರಗಿನ ಗಾಳಿ ಒಳಗೆ ಆಡಬಾರದು. ಅಡ್ಡ ಎಂಟು ಹೆಜ್ಜೆ, ಉದ್ದ ಹತ್ತು. ಸ್ಟೂಲನ್ನು ಯಾರೋ ಗೋಡೆಗೆ ಸರಿಸಿದ್ದರು. ಮೇಜಿನ ಮೇಲೆ ತಟ್ಟೆಯ ಕೆಳಗೆ ಒಂದು ಹಾಳೆ ಸಿಕ್ಕಿತು. ಚಿಕ್ಕ ಸಿಸ್ಟರ್‌ಗಾಗಿ ಅಪ್ಪ ಬರೆಯುತ್ತಿದ್ದ ಕ್ರಮ. ಒಟ್ಟು ಹದಿನಾಲ್ಕು ಹಂತಗಳೆಂದು ಆಕೆಗೆ ಗೊತ್ತು. ಹಾಳೆಯಲ್ಲಿ ಒಂಬತ್ತಿದ್ದವು. 'ಒಂಬತ್ತು: ಸೂಜಿ ಬದಲಿಸಿ. ಮೊದಲಿನ ಸೂಜಿಯಿಂದಲೇ' ಎಂಬಲ್ಲಿಗೆ ಸಾಲು ನಿಂತಿತ್ತು.

ಆಕೆ ಪೆನ್ನು ತೆಗೆದು, ಆ ಸಾಲನ್ನು ಮುಗಿಸಿ, ಉಳಿದ ಐದನ್ನು ಬರೆದಳು. ಬರೆದದ್ದನ್ನು ಬಾಗಿಲಲ್ಲಿ ನಿಂತಿದ್ದ ಚಿಕ್ಕ ಸಿಸ್ಟರ್‌ಗೆ ಕೊಟ್ಟಳು.

"ಓದ್ತಾ ಹೋಗಿ, ನೀವೇ ಮಾಡಿ. ನಾನು ಪಕ್ಕದಲ್ಲಿರ್ತೀನಿ."

ಚಿಕ್ಕ ಸಿಸ್ಟರ್ ಕೈಗವಸು ಹಾಕಿಕೊಂಡು ಸಿರಿಂಜು ಎತ್ತಿದಳು. ಸೂಜಿಯ ತುದಿ ಸೀಸೆಯ ರಬ್ಬರ್ ಮುಚ್ಚಳ ಬಿಟ್ಟು ಎರಡು ಸಲ ಆಕೆಯದೇ ಬೆರಳಿನ ಹತ್ತಿರ ಹೋಯಿತು. ಮೂರನೆಯ ಸಲ ಸಿರಿಂಜು ನೆಲಕ್ಕೆ ಬಿತ್ತು.

"ನಂಗಾಗಲ್ಲ ಅಕ್ಕ. ಯಾರದ್ದಾದ್ರೂ ಕಣ್ಣು ಹೋದ್ರೆ ನಾನೇನು ಮಾಡಲಿ?"

ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತೆರಡು.

"ಸರಿ, ಈಚೆ ಬನ್ನಿ," ಎಂದಳು ಮಗಳು.

ಹೊಸ ಸಿರಿಂಜಿನ ಕವರು ಒಡೆದಳು. ನೀರು ಗೆರೆಗೆ ನಿಂತಿತು. ಪುಡಿ ಕರಗಿತು. ಮೂವರು ರೋಗಿಗಳಿಗೆ ಆರು ಬಾಟಲಿ. ಮೂರೂ ಐವತ್ತೆಂಟಕ್ಕೆ ಚೀಟಿಗಳ ಮೇಲೆ 'ಬಿಸಾಡುವುದು: ಬುಧವಾರ ಸಂಜೆ 4' ಎಂದು ಬರೆದಳು. ವಾರ್ಡಿನಲ್ಲಿ ಮೊಬೈಲ್ ಕೂಗಿಕೊಂಡಿತು.

ಸೋಮವಾರದ ರೈಲು ಹನ್ನೆರಡು ನಿಮಿಷ ತಡವಾಗಿ ಹೊರಟಿತು. ಲೇತ್ ಕೆಲಸಗಾರನ ಕಣ್ಣು ಉಳಿಯಿತು. ಬುಧವಾರ ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಗೇಟಿನವನು ಗೇಟು ತೆಗೆದು, ತಲೆ ತಗ್ಗಿಸಿದ. ಮಗಳು ಒಳಗೆ ಹೋದಳು.